ಬಂಡೆಪ್ಪನ ಬೇಟೆಕೊಡಲಿ

೬ ಸೆಪ್ಟೆಂಬರ್ ೧೯೮೪, ಇಳಕಲ್
ಸೀರೆ ಅಂಗಡಿ ತೆಗೆಯುವ ಮುಂಚೆ ನಾನು ಕೂಡಿಟ್ಟ ಹಳೆಯ ಕೊಡಲಿಗಳಲ್ಲಿ ಎರಡಕ್ಕೆ ಎಣ್ಣೆ ಹಚ್ಚಿದೆ. ಎಡಗಣ್ಣು ಪೂರಾ ಮಂಜು. ಬಲಗಣ್ಣೂ ಅದೇ ದಾರಿ... ಹೆಂಡತಿ ಮುತ್ತವ್ವ ಗೊಣಗಿದಳು: "ತುಕ್ಕ ಹಿಡದ ಕಬ್ಬಣಕ್ಕ ಏನ ಉಪಚಾರ ರೀ!"

೮ ಸೆಪ್ಟೆಂಬರ್
ಅಮೀನಗಡದ ಕುರಿಗಾರ ಬಂಡೆಪ್ಪ ಬೇಟೆಕೊಡಲಿ ತಂದಿದ್ದ. ಕೈಯಾಡಿಸಿ ನೋಡಿದೆ. ಗಿಡ್ಡದು. ಹಿಂದೆ ಸುತ್ತಿಗೆ, ಅಲಗಿನ ಕೆಳಗೆ ಮೊಳೆ ಕೀಳುವ ಸೀಳು — ಇಂಗ್ಲಿಷರ ಮಾದರಿ!
"ನಮ್ಮ ಮುತ್ಯಾಂದ್ರಿ. ಇದರಾಗ ತ್ವಾಳ ಹೊಡದಿದ್ದನಂತ. ಅಳಿಯ ನೋಡಿದ್ರ, ಮೊನ್ನಿ ಮೊನ್ನಿ ಸಂತ್ಯಾಗಿನ ಮಾಲು, ಮುರದು ಕುಡಗೋಲು ಮಾಡಸು ಅಂತಾನ. ಹಳೇದು ಅಂದ್ರ ಇಟಗೋತೇನಿ. ಮಾರ್ನಮಿಯೊಳಗ ಹೇಳ್ರಿ ಸಾವಕಾರ್ರ."
ಮೂಗಿಗೆ ಹಿಡಿದರೂ ಏನೂ ಕಾಣಲಿಲ್ಲ. ಹೆದರಿಕೆಯಾಯಿತು.

೧೦ ಸೆಪ್ಟೆಂಬರ್
ನಾಳೆ ಬಾಗಲಕೋಟೆಯಲ್ಲಿ ಕಣ್ಣಿನ ಆಪರೇಶನ್. ನಾನು ಕೇಳಿಯೇ ಇರಲಿಲ್ಲ — ಮುತ್ತವ್ವ ಆ ಕೊಡಲಿಯನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

೨೯ ಸೆಪ್ಟೆಂಬರ್
ದಪ್ಪ ಕನ್ನಡಕ. ಅಕ್ಷರಗಳು ಕಾಣುತ್ತಿವೆ! ಯಾರಿಗೆ ಮೊದಲು ಕೈ ಮುಗಿಯಲಿ?
ದವಾಖಾನೆಯಲ್ಲಿ ನಾನು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಕೊಡಲಿ ನೋಡಿದವಳು ಮುತ್ತವ್ವನೇ.
"ಹುಣಸಿನೀರ ಹಚ್ಚೇನ್ರಿ. ಅಲಗಿನ ತುದಿ ಬ್ಯಾರೆ ಬಣ್ಣ ಬಂತು."
ಕಬ್ಬಿಣಕ್ಕೆ ಉಕ್ಕು ಬೆಸೆದದ್ದು.
"ಕಾವು ಹಾಕೋ ತೂತಿನ ಮಗ್ಗಲಾಗ ಬೆಸಗಿ ಗೆರಿ ಐತಿ."
ಅಂದರೆ ಕಾರ್ಖಾನೆಯದಲ್ಲ. ವಿಲಾಯಿತಿ ಕೊಡಲಿ ನೋಡಿ ಇಲ್ಲಿನ ಕಮ್ಮಾರನೇ ಬಡಿದದ್ದು. ಅಪರೂಪ! ಆದರೆ ಯಾವ ಕಾಲದ್ದು?
ಮರದ ಕಾವು ಸಡಿಲವಾಗಿತ್ತು. ಕಳಚಿದಳು. ಬೆಣೆಗೆಂದು ಮಡಚಿ ಬಡಿದಿದ್ದ ತಾಮ್ರದ ದುಡ್ಡು ಸಿಕ್ಕಿತು.
"ಸಾವಿರದ ಎಂಟನೂರಾ ಎಂಬತ್ತು... ಕಡೀ ಅಂಕಿ ಅಳಸೇತಿ."
"ಹಂಗಾರ ನೂರು ವರ್ಷದ್ದು!"
"ತಡೀರಿ. ಹಳೀ ದುಡ್ಡು ಆಮ್ಯಾಲ ಯಾರರೆ ಬಡದಿದ್ರ?"
ದುಡ್ಡಿನ ಮಡಿಕೆ ಬಿಚ್ಚಿ ಅವಳೇ ಅಂದಳು: "ಒಳಮಗ್ಗಲ ರಾಣಿ ಮೂಗು ಸವದಿಲ್ರಿ. ಭಾಳ ಕೈ ತಿರಗಿಲ್ಲ ಇದು. ಹೊಸಾದಿದ್ದಾಗನ ಬಡದಾರ."
ಕೊಡಲಿ ಅದಕ್ಕಿಂತ ಹಳೆಯದಿದ್ದೀತು, ಈಚಿನದಂತೂ ಅಲ್ಲ. ಪಟ್ಟಿಯೊಳಗೇ ಕಣ್ಣು ತುಂಬಿತು. ಅಳಬಾರದೆಂದು ಡಾಕ್ಟರು ಹೇಳಿದ್ದರು. ಏನು ಮಾಡಲಿ... ಅವಳ ಕೈ ಹಿಡಿದುಕೊಂಡು ಮಲಗಿದೆ.

೨ ಅಕ್ಟೋಬರ್, ಮಧ್ಯಾಹ್ನ
ಬಂಡೆಪ್ಪ ಬಂದ. ನಿಮ್ಮ ಮುತ್ಯಾನ ಕಾಲದ್ದೇ ಎಂದೆ. ಕೊಡಲಿಯನ್ನು ಹಣೆಗೆ ಒತ್ತಿಕೊಂಡ.
"ಉಳಿಸಿಕೊಟ್ರಿ, ಸಾವಕಾರ್ರ."
"ನಾ ಅಲ್ಲೋ, ನಿಮ್ಮಕ್ಕ ಉಳಿಸ್ಯಾಳ" ಎಂದು ಮುತ್ತವ್ವನ ಕಡೆ ಕೈ ತೋರಿಸಿದೆ.
ನನಗೇ ಕೊಡು ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಒಳ್ಳೆಯದಾಯಿತು. ಅವನು ಹೋಗುವಾಗ ಬಾಗಿಲಲ್ಲಿ ನಿಂತು, ಅವನು ಓಣಿ ತಿರುಗುವವರೆಗೂ ನೋಡಿದೆ. ಅಷ್ಟು ದೂರ ಕಾಣುತ್ತದೆ ಈಗ.
ಮುತ್ತವ್ವ ಪಡಸಾಲೆಯಲ್ಲಿ ನನ್ನ ಕೊಡಲಿಗಳನ್ನೆಲ್ಲ ಹರವಿಕೊಂಡು ಕೂತಿದ್ದಾಳೆ. ಕೂಗುತ್ತಿದ್ದಾಳೆ — "ರೀ, ಇದರ ಅಲಗು ಒಂದ ಮಗ್ಗಲ ಯಾಕ ಚಪ್ಪಟ ಐತಿ?"
ಒಂದೇ ಮಗ್ಗಲು? ಇಷ್ಟು ವರ್ಷ ನಾನು ಹೇಗೆ ಗಮನಿಸಲಿಲ್ಲ! ಹೋಗಿ ನೋಡಬೇಕು—