ಅಂಬಿಗನ ಅಗ್ಗದ ಸಿಮ್ಮು ಮತ್ತು ನಿಮ್ಮ ನೇರಳೆ ನಕ್ಷೆ

ಗ್ರಾಮೀಣ ದೂರಸಂಪರ್ಕ ಪ್ರಾಧಿಕಾರದ ಅಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ತನಿಖಾ ವರದಿಯ ಹದಿನಾಲ್ಕನೆಯ ಪ್ಯಾರಾದಲ್ಲಿ ನೀವು ನನ್ನ ತಮ್ಮನನ್ನು ಕೊಲೆಗಾರನನ್ನಾಗಿ ಮಾಡಿದ್ದೀರಿ. ಆ ಪದ ಬಳಸಿಲ್ಲ, ನಿಜ. ನಿಮ್ಮಂಥ ಸುಸಂಸ್ಕೃತರು ಅಂಥ ಒರಟು ಪದಗಳನ್ನು ಬಳಸುವುದಿಲ್ಲ. ನೀವು ಬರೆದಿರುವುದು ಇಷ್ಟು: “ಅಂಬಿಗನು ತನ್ನ ವೃತ್ತಿಗೆ ಅಗತ್ಯವಾದ ಸಂಪರ್ಕ ಸೌಲಭ್ಯಕ್ಕಿಂತ ಮಿತವ್ಯಯಕ್ಕೆ ಆದ್ಯತೆ ನೀಡಿ ಕನಿಷ್ಠ ದರದ ಯೋಜನೆಯನ್ನು ಆಯ್ದುಕೊಂಡದ್ದೇ ಎಚ್ಚರಿಕೆಯ ಸಂದೇಶವು ಸಕಾಲದಲ್ಲಿ ತಲುಪದಿರಲು ಪ್ರಮುಖ ಕಾರಣವೆಂದು ಸಮಿತಿಯು ಅಭಿಪ್ರಾಯಪಡುತ್ತದೆ.” ಬಿಡಿಸಿ ಹೇಳುವುದಾದರೆ, ನನ್ನ ತಮ್ಮ ಜಿಪುಣತನ ಮಾಡಿ ಅಗ್ಗದ ಸಿಮ್ಮು ಹಾಕಿಸಿಕೊಂಡ, ಅದಕ್ಕೇ ಅವನ ದೋಣಿಯಲ್ಲಿದ್ದ ಮುದುಕ ಸತ್ತುಹೋದ. ಆ ಒಂದು ವಾಕ್ಯದಿಂದ ಅವನ ದೋಣಿಯ ಪರವಾನಗಿ ಹೋಯಿತು. ಅದು ಹೋದರೆ ಹೋಗಲಿ. ಅವನ ನಿದ್ದೆ, ಊಟ, ನಾಲ್ಕು ಜನರ ಮುಂದೆ ತಲೆ ಎತ್ತಿ ಮಾತಾಡುವ ಧೈರ್ಯ ಎಲ್ಲವೂ ಹೋಯಿತು.

ಇಂಥ ವಾಕ್ಯಗಳ ಪರಿಚಯ ನನಗೆ ಚೆನ್ನಾಗಿಯೇ ಇದೆ. ಮೂವತ್ತೊಂದು ವರ್ಷ ನ್ಯಾಯಾಲಯದ ಹೊರಗಿನ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕಂಡವರ ಅರ್ಜಿಗಳನ್ನು ಟೈಪು ಮಾಡಿದವಳು ನಾನು. “ಅಭಿಪ್ರಾಯಪಡುತ್ತದೆ” ಎಂಬ ಕ್ರಿಯಾಪದ ಯಾರ ತಲೆ ಉಳಿಸಲು, ಯಾರ ತಲೆ ಮೇಲೆ ಗೂಬೆ ಕೂರಿಸಲು ಬಳಕೆಯಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ವರ್ಷ ಊರವರಿಗೆಲ್ಲ ಬರೆದುಕೊಟ್ಟೆ. ನನ್ನ ಮನೆಯವರಿಗಾಗಿ ಬರೆಯುತ್ತಿರುವುದು ಇದೇ ಮೊದಲು.

ಮೊದಲು ಸೈರನ್ನಿನ ವಿಷಯ. ನಮ್ಮೂರಿನಿಂದ ಆರು ಮೈಲಿ ಮೇಲೆ ಅಣೆಕಟ್ಟಿದೆ. ಗೇಟು ತೆರೆಯುವ ಮುನ್ನ ಅಲ್ಲಿಂದ ನಮ್ಮ ದಂಡೆಯವರೆಗೆ ಸಾಲಾಗಿ ನಿಲ್ಲಿಸಿದ್ದ ಸೈರನ್ನುಗಳು ಕೂಗುತ್ತಿದ್ದವು. ಕಿವಿ ತಮಟೆ ಹರಿಯುವಷ್ಟು ಜೋರು. ಸತ್ತವರೂ ಎದ್ದು ದಂಡೆ ಹತ್ತಬೇಕು, ಹಾಗೆ. ಹೋದ ವರ್ಷ ಮಳೆಗಾಲದ ಆರಂಭದಲ್ಲಿ ಅವುಗಳನ್ನು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು. ಯಾಕೆ? ನಮ್ಮ ಪ್ರದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ಮೊಬೈಲ್ ಸಿಗ್ನಲ್ ಇದೆಯೆಂದು ನಿಮ್ಮ ಪ್ರಾಧಿಕಾರ ಪ್ರಮಾಣಪತ್ರ ಕೊಟ್ಟಿತ್ತು. ಇನ್ನು ಮುಂದೆ ಎಚ್ಚರಿಕೆ ಮೆಸೇಜಿನಲ್ಲಿ ಬರುತ್ತದೆ, ಅಂಬಿಗರು, ಮೀನುಗಾರರು ತಮಗೆ ಅನುಕೂಲವಾದ ಮೊಬೈಲ್ ಯೋಜನೆಯನ್ನು ಆಯ್ದುಕೊಂಡು ನಂಬರು ನೋಂದಾಯಿಸಬೇಕು ಎಂದು ನೋಟೀಸು ಅಂಟಿಸಿದರು. “ತಮಗೆ ಅನುಕೂಲವಾದ” ಎಂಬುದು ನಿಮ್ಮದೇ ಮಾತು ಸ್ವಾಮಿ. ದುಬಾರಿಯದೇ ಆಗಬೇಕು ಎಂದು ಎಲ್ಲೂ ಇರಲಿಲ್ಲ. ಆ ನೋಟೀಸು ಈಗಲೂ ನನ್ನ ಬಳಿ ಇದೆ.

ಈಗ ನನ್ನ ತಮ್ಮ “ಮಿತವ್ಯಯಕ್ಕೆ ಆದ್ಯತೆ” ಕೊಟ್ಟ ಕಥೆ ಕೇಳಿ. ಪೇಟೆಯ ಸಿಮ್ಮಿನ ಅಂಗಡಿಗೆ ಅವನ ಜೊತೆ ನಾನೂ ಹೋಗಿದ್ದೆ. ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಕಂಪನಿಗಳ ಮೂರು ಕರಪತ್ರ ಹರಡಿದ. ದುಬಾರಿಯದು, ನಡುವಿನದು, ಅಗ್ಗದ್ದು. ದುಬಾರಿಯದರಲ್ಲಿ ದಿನಕ್ಕೆ ಇಷ್ಟು ಜಿಬಿ, ಇಷ್ಟು ಸಿನಿಮಾ, ಇಷ್ಟು ಹಾಡು, ಪಂದ್ಯ ನೋಡಲು ಇನ್ನೇನೋ.

“ನಂಗೆ ಸಿನಿಮಾ ಬೇಡ ಮಾರಾಯ, ಒಂದು ಮೆಸೇಜು ಬರಬೇಕು, ಅಷ್ಟೆ. ದೋಣಿಯಲ್ಲಿದ್ದಾಗ ಬರಬೇಕು,” ಅಂದ ತಮ್ಮ.

“ಮೆಸೇಜು ಮೂರರಲ್ಲೂ ಫ್ರೀ ಅಣ್ಣ.”

“ಫ್ರೀನೋ ಅಲ್ವೋ ಕೇಳಲಿಲ್ಲ. ಬರುತ್ತಾ?”

ಅಂಗಡಿಯವನು ತನ್ನ ಫೋನಿನಲ್ಲಿ ನಿಮ್ಮ ಪ್ರಾಧಿಕಾರದ ನಕ್ಷೆ ತೆಗೆದು ತೋರಿಸಿದ. ಸಿಗ್ನಲ್ ಇರುವ ಜಾಗಕ್ಕೆಲ್ಲ ನೇರಳೆ ಬಣ್ಣ. “ನೋಡಿ, ನಿಮ್ಮೂರು ಪೂರ್ತಿ ನೇರಳೆ. ಮೂರು ಕಂಪನಿದೂ ನೇರಳೆನೇ.”

“ಹೊಳೆನೂ ನೇರಳೆನಾ?”

“ಹೊಳೆನೂ ನೇರಳೆ. ಮೀನಿಗೂ ನೆಟ್‌ವರ್ಕ್ ಸಿಗುತ್ತೆ, ಹೋಗಿ!”

ಮೂವರೂ ನಕ್ಕೆವು. ಅವತ್ತು ನಗು ಬಂದಿತ್ತು.

ಆದರೂ ನನ್ನ ತಮ್ಮ ನಕ್ಷೆಯನ್ನು ನಂಬಿ ಸುಮ್ಮನಾಗುವ ಆಸಾಮಿಯಲ್ಲ. ಯಾವ ಹಗ್ಗವನ್ನೂ ಮೂರು ಸಲ ಎಳೆದು ನೋಡದೆ ಕಟ್ಟಿದವನಲ್ಲ. ಒಂದು ಸಿಮ್ಮು ಕೊಂಡ, ಇನ್ನೆರಡನ್ನು ಪರಿಚಯದವರಿಂದ ಎರವಲು ತಂದ, ತನ್ನ ಫೋನು, ಹೆಂಡತಿಯ ಫೋನು, ನನ್ನ ಫೋನು ಮೂರಕ್ಕೂ ಒಂದೊಂದು ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ. ಇಪ್ಪತ್ತೆರಡು ಸಲ ಹೊಳೆ ದಾಟಿದ. ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿ, ಪ್ರತಿ ಫೋನಿನಲ್ಲಿ ಎಷ್ಟು ಕಡ್ಡಿ ಸಿಗ್ನಲ್ ಇದೆ ಎಂದು ನೋಡಿ ದೋಣಿಯ ಒಳಹಲಗೆಯ ಮೇಲೆ ಮೊಳೆಯಿಂದ ಗೀಟು ಕೊರೆದ. ದಂಡೆಯಲ್ಲಿ ಕೂತ ನಾನು ಪಕ್ಕದ ಮನೆಯವರ ಫೋನಿನಿಂದ ಮೂರಕ್ಕೂ ಮೆಸೇಜು ಕಳಿಸುತ್ತಿದ್ದೆ, ಬಂದ ಕೂಡಲೇ ಅವನು ಕೈ ಎತ್ತುತ್ತಿದ್ದ. ದುಬಾರಿಯದಕ್ಕೆ ಮೂರು ಕಡ್ಡಿ. ಉಳಿದೆರಡಕ್ಕೆ ಎರಡೆರಡು. ಮೆಸೇಜು ಮೂರಕ್ಕೂ ಇಪ್ಪತ್ತೆರಡು ಸಲವೂ ಬಂತು. ಹೀಗಿದ್ದ ಮೇಲೆ ಅಗ್ಗದ್ದನ್ನು ಇಟ್ಟುಕೊಂಡ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೇಳಿ, ನೀವು ನಿಮ್ಮ ಫೋನಿನ ಯೋಜನೆಯನ್ನು ಆರಿಸುವ ಮುನ್ನ ಎಷ್ಟು ಸಲ ಹೊಳೆ ದಾಟಿದ್ದಿರಿ? ಅಥವಾ ನಿಮ್ಮದರ ಬಿಲ್ಲನ್ನೂ ನಾವೇ ಕಟ್ಟುವುದರಿಂದ ಆರಿಸುವ ಕಷ್ಟವೇ ನಿಮಗೆ ಬಂದಿಲ್ಲವೋ?

ತಪ್ಪಾಯಿತು, ಒಂದು ತಪ್ಪಂತೂ ಆಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ, ತಿಪ್ಪೆ ಸಾರಿಸುವ ಕೆಲಸ ನಿಮಗೇ ಇರಲಿ. ಅವನು ಪರೀಕ್ಷೆ ಮಾಡಿದ್ದು ತುಂಬಿದ ಹೊಳೆಯಲ್ಲಿ. ಅಂಬಿಗರಿಗೆ ಭಯ ಅಂದರೆ ತುಂಬಿದ ಹೊಳೆಯದೇ. ಬೇಸಿಗೆಯ ಹೊಳೆ ಅವರಿಗೆ ಮನೆಯಂಗಳ. ಅಲ್ಲಿ ಸಿಗ್ನಲ್ ನೋಡಬೇಕು ಎಂದು ಯಾವ ಅಂಬಿಗನಿಗೂ ಹೊಳೆಯುವುದಿಲ್ಲ. ಮಳೆಗಾಲದಲ್ಲಿ ದೋಣಿ ದಂಡೆಯ ಸಮಕ್ಕೆ ತೇಲುತ್ತದೆ, ಗುಡ್ಡದ ಮೇಲಿನ ಟವರು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಪ್ಪತ್ತು ಅಡಿ ಕೆಳಗಿಳಿಯುತ್ತದೆ. ಆಗ ದೋಣಿ ಎರಡು ಕಡಿದಾದ ದಂಡೆಗಳ ನಡುವೆ ಬಾವಿಯೊಳಗೆ ಇದ್ದ ಹಾಗೆ ಇರುತ್ತದೆ. ಟವರು ಕಾಣುವುದಿಲ್ಲ, ಸಿಗ್ನಲ್ ಇಳಿಯುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿರಬೇಕಾಗಿದ್ದು ಅವನಿಗೋ, ಪ್ರಮಾಣಪತ್ರ ಕೊಟ್ಟ ನಿಮಗೋ? ನಿಮ್ಮ ಅಳತೆಯ ವ್ಯಾನು ಬಂದಾಗ ನಾನೇ ನೋಡಿದ್ದೇನೆ. ಛಾವಣಿಯ ಮೇಲೆ ಕಂಬ ನಿಲ್ಲಿಸಿಕೊಂಡು, ಕಿಟಕಿಯ ಗಾಜು ಏರಿಸಿಕೊಂಡು, ಡಾಂಬರು ರಸ್ತೆಯಲ್ಲಿ ಸುಂಯ್ ಅಂತ ಹೋಗಿ ಸುಂಯ್ ಅಂತ ವಾಪಸು ಬಂತು. ಇಳಿದು ಹೊಳೆಯ ಮುಖ ನೋಡಿದವರು ಒಬ್ಬರೂ ಇಲ್ಲ. ರಸ್ತೆಯಲ್ಲಿ ಅಳೆದು ನೀರಿಗೆ ಬಣ್ಣ ಬಳಿದಿರಿ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಗೇಟು ತೆರೆದರು, ರಿಪೇರಿಗೋ ಏನಕ್ಕೋ. ಹತ್ತಕ್ಕೇ ಮೆಸೇಜು ಕಳಿಸಿದ್ದೇವೆ ಎನ್ನುತ್ತದೆ ದಾಖಲೆ. ಕಳಿಸಿರಬಹುದು. ಆ ಹೊತ್ತಿಗೆ ತಮ್ಮ ದೋಣಿಯಲ್ಲೇ ಇದ್ದ. ಬಿಸಿಲೆಂದು ಎರಡು ಸವಾರಿಯ ನಡುವೆ ಅವನು ದಂಡೆ ಹತ್ತುವುದಿಲ್ಲ, ದೋಣಿಯಲ್ಲೇ ಗೋಣಿತಾಟಿನ ನೆರಳಲ್ಲಿ ಕೂರುತ್ತಾನೆ. ಹನ್ನೊಂದರ ಸುಮಾರಿಗೆ ನಾಲ್ವರನ್ನು ಹತ್ತಿಸಿಕೊಂಡು ಹೊರಟ. ನಡುಹೊಳೆಯಲ್ಲಿ ನೀರು ಬಂತು, ದೋಣಿ ಮಗುಚಿತು. ಮೂವರನ್ನು ಒಬ್ಬೊಬ್ಬರಾಗಿ ಎಳೆದು ದಡಕ್ಕೆ ಹಾಕಿದ. ನಾಲ್ಕನೆಯವರು ಬುಟ್ಟಿ ಹೆಣೆಯುವ ಅಜ್ಜ, ಊರಿಗೆಲ್ಲ ಬೇಕಾದವರು, ಬಾಯಿ ತೆಗೆದರೆ ತಮಾಷೆ. ಅವರು ಬುಟ್ಟಿಗಳ ಹೊರೆಯನ್ನು ಹೆಗಲಿಗೆ ಕಟ್ಟಿಕೊಂಡಿದ್ದರು. ದೋಣಿಯೂ ಬುಟ್ಟಿಗಳೂ ಕೆಳಗಿನ ಊರಿನಲ್ಲಿ ಸಿಕ್ಕಿದವು. ಅಜ್ಜ ಸಿಕ್ಕಿದ್ದು ಮರುದಿನ.

ಮೂರನೆಯವರನ್ನು ಮೇಲೆ ತಂದು, ಇನ್ನೊಮ್ಮೆ ಧುಮುಕಲು ದಂಡೆಯ ತುದಿಯಲ್ಲಿ ನಿಂತಾಗ ತಮ್ಮನ ಕೊರಳಲ್ಲಿದ್ದ ಚೀಲದೊಳಗೆ ಫೋನು ಟಣ್ ಎಂದಿತು. ಒದ್ದೆ ಕೈಯಲ್ಲೇ ನೋಡಿದ. “ಹತ್ತೂವರೆಗೆ ನೀರು ಬಿಡಲಾಗುವುದು. ನದಿಯಿಂದ ದೂರವಿರಿ. ಸುರಕ್ಷಿತವಾಗಿರಿ.” ಆ ಮೆಸೇಜನ್ನು ಅವನು ಇನ್ನೂ ಅಳಿಸಿಲ್ಲ. ಅಳಿಸು ಅಂದರೆ ಕೇಳುವುದಿಲ್ಲ.

ಆಮೇಲೆ ನಿಮ್ಮ ತನಿಖೆ. ತಪ್ಪು ಪ್ರಮಾಣಪತ್ರ ಕೊಟ್ಟವರೇ ತನಿಖಾ ಸಮಿತಿಯ ಅಧ್ಯಕ್ಷರು! ಇಂಥ ಏರ್ಪಾಟನ್ನು ಮೂವತ್ತೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ, ನಿಮ್ಮ ದಯೆಯಿಂದ ಅದನ್ನೂ ಕಂಡೆ. ಹೇಳಿಕೆ ಪಡೆಯಲು ಬಂದ ನಿಮ್ಮ ಅಧಿಕಾರಿ ನಮ್ಮ ಮನೆಯ ಬಾಗಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳಿದರು.

“ಇನ್ನೂ ಒಳ್ಳೇ ಪ್ಲಾನ್ ಇತ್ತಲ್ವೇನಪ್ಪಾ, ಯಾಕೆ ತಗೊಳ್ಲಿಲ್ಲ?”

“ಇದ್ರಲ್ಲೂ ಬರ್ತಿತ್ತು ಸಾರ್,” ಅಂದ ತಮ್ಮ.

“ಇತ್ತೋ ಇಲ್ವೋ, ಅಷ್ಟು ಹೇಳು.”

“ಇತ್ತು ಸಾರ್.”

ಬರೆದುಕೊಂಡರು, ಹೋದರು. ಆ ಗೀಟುಗಳಿದ್ದ ದೋಣಿಯ ಹಲಗೆಯನ್ನು ತೋರಿಸುತ್ತೇನೆ ಬನ್ನಿ ಎಂದು ನಾನು ಅವರ ಹಿಂದೆಯೇ ಓಡಿದೆ. “ಅದೆಲ್ಲ ಬೇಕಾಗಲ್ಲಮ್ಮ” ಎಂದು ಕಾರಿನ ಬಾಗಿಲು ಹಾಕಿಕೊಂಡರು.

ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಮೂರು ಕಂಪನಿಗಳ ಟವರುಗಳು ಎಲ್ಲೆಲ್ಲಿವೆ ಎಂದು ನಿಮ್ಮ ಕಚೇರಿಗೇ ಅರ್ಜಿ ಹಾಕಿದೆ. ನಲವತ್ತಮೂರು ದಿನಗಳ ಮೇಲೆ ಉತ್ತರ ಬಂತು. ಮೂರಕ್ಕೂ ಇರುವುದು ಗುಡ್ಡದ ಮೇಲಿನ ಆ ಒಂದೇ ಟವರು. ಒಂದೇ ಕಂಬಕ್ಕೆ ಮೂರೂ ಕಂಪನಿಗಳು ತಮ್ಮ ತಮ್ಮ ಪೆಟ್ಟಿಗೆ ನೇತುಹಾಕಿವೆ. ನಿಮ್ಮದೇ ಕಚೇರಿ, ನಿಮ್ಮದೇ ಮೊಹರು. ಅದನ್ನು ಓದಿದ ಮೇಲೆ ನಾನು ಅಣೆಕಟ್ಟಿನ ಕಚೇರಿಗೆ ಹೋಗಿ ಕೂತು, ಇಂಥ ದಿನ ಗೇಟು ತೆರೆಯುವುದಿಲ್ಲವೆಂದು ಬರೆಸಿ, ಸಹಿ ಹಾಕಿಸಿಕೊಂಡು ಬಂದೆ. ಈ ಸರ್ತಿ ಮೆಸೇಜನ್ನು ನಂಬುವಷ್ಟು ದಡ್ಡಿಯಲ್ಲ ನಾನು. ತಮ್ಮನ ಹೆಂಡತಿ ಹುಟ್ಟು ಹಾಕಿದಳು. ದೋಣಿಯಲ್ಲಿ ಮೂವರು ಹೆಂಗಸರು, ಮೂರು ಫೋನು. ಮೂರನೆಯವಳು ಯಾರು ಗೊತ್ತೆ? ಸತ್ತ ಅಜ್ಜನ ಮಗಳು. ನಾವು ಕರೆಯಲಿಲ್ಲ. ಸುದ್ದಿ ಕೇಳಿ ತಾನೇ ಬಂದಳು. “ನಮ್ಮಪ್ಪ ಯಾಕೆ ಹೋದ ಅಂತ ನಂಗೂ ತಿಳೀಬೇಕಲ್ಲಕ್ಕಾ” ಎಂದು ಸೆರಗು ಕಟ್ಟಿಕೊಂಡು ಹತ್ತಿದಳು. ದುಬಾರಿ ಸಿಮ್ಮಿದ್ದ ಫೋನನ್ನು ಅವಳ ಕೈಗೇ ಕೊಟ್ಟೆ.

ಅದೇ ಬೇಸಿಗೆಯ ನೀರು, ಅದೇ ಜಾಗ. ಅರ್ಧ ಗಂಟೆ ನಿಂತೆವು. ಅವಳು ಫೋನನ್ನು ತಲೆಯ ಮೇಲೆತ್ತಿ ಹಿಡಿದಳು, ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಕೊನೆಗೆ, “ಅಕ್ಕಾ, ಇದ್ರಲ್ಲೂ ಒಂದು ಕಡ್ಡಿನೂ ಇಲ್ಲ,” ಅಂದಳು. ದಡಕ್ಕೆ ಬಂದವಳೇ ನೇರ ನಮ್ಮ ಮನೆಗೆ ನಡೆದಳು. ನನ್ನ ತಮ್ಮನ ಎದುರು ನೆಲದ ಮೇಲೆ ಕೂತಳು.

“ಅಣ್ಣಾ, ಮೂರರಲ್ಲೂ ಬರ್ಲಿಲ್ಲ. ನಾನೇ ಕಣ್ಣಾರೆ ನೋಡ್ದೆ. ನೀನು ಯಾವ್ದು ಹಾಕ್ಸಿದ್ರೂ ಅಷ್ಟೆ. ಬಿಟ್ಟಾಕು ಇನ್ನ.”

ಅಪ್ಪನನ್ನು ಕಳೆದುಕೊಂಡವಳು ಹೇಳಿದ್ದು ಇದು. ನನ್ನ ತಮ್ಮ ಏನಂದ ಗೊತ್ತೆ, ಮಾನ್ಯರೇ?

“ನೀವೆಲ್ಲ ನನ್ನ ಸಮಾಧಾನಕ್ಕೆ ಹೇಳ್ತೀರಿ ಕಣಮ್ಮ. ಅಷ್ಟು ಓದಿದೋರು ಸುಮ್‌ಸುಮ್ನೆ ಬರೀತಾರಾ?”

ಈಗ ಅವನಿಗೆ ಪರವಾನಗಿಯಿಲ್ಲ, ಸವಾರಿಯಿಲ್ಲ. ಆದರೂ ಕೂಲಿ ಮಾಡಿ ತಿಂಗಳು ತಿಂಗಳು ಆ ದುಬಾರಿ ಯೋಜನೆಗೆ ದುಡ್ಡು ಕಟ್ಟುತ್ತಿದ್ದಾನೆ. ಕೆಲಸ ಮುಗಿಸಿ ಬಂದವನು ದಂಡೆಯ ಮೇಲೆ ಕೂತು ಫೋನನ್ನೇ ನೋಡುತ್ತಿರುತ್ತಾನೆ. ಮೇಲೆ ದಂಡೆಯಲ್ಲಿ ಅದಕ್ಕೆ ನಾಲ್ಕು ಕಡ್ಡಿ ಬರುತ್ತದೆ. “ನೋಡಕ್ಕಾ, ಇದನ್ನ ಮೊದಲೇ ಹಾಕ್ಸಿದ್ರೆ ಅಜ್ಜ ಇರ್ತಿದ್ರು,” ಅನ್ನುತ್ತಾನೆ. ನಾನು ಬೈದೆ, ಅತ್ತೆ, ಕೈಹಿಡಿದು ಕೂರಿಸಿ ಬುದ್ಧಿ ಹೇಳಿದೆ. ನಾನೇ ಎತ್ತಿ ಆಡಿಸಿದ ತಮ್ಮ ಅವನು. ನನ್ನ ಮಾತು ಅವನ ಕಿವಿಗೇ ಇಳಿಯುತ್ತಿಲ್ಲ.

ಸೈರನ್ನು ವಾಪಸು ಬೇಕೆಂದು ಊರವರು ಬೇರೆ ಅರ್ಜಿ ಕೊಟ್ಟಿದ್ದಾರೆ, ಅದನ್ನು ಟೈಪು ಮಾಡಿದವಳೂ ನಾನೇ. ಪರವಾನಗಿಯ ಮೇಲ್ಮನವಿಯೂ ಪ್ರತ್ಯೇಕವಾಗಿ ನಡೆಯುತ್ತಿದೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ. ಹದಿನಾಲ್ಕನೆಯ ಪ್ಯಾರಾದ ಆ ವಾಕ್ಯವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ, ಬೇಸಿಗೆಯ ಹೊಳೆಯಲ್ಲಿ ಯಾವ ಕಂಪನಿಯ ಯಾವ ಯೋಜನೆಯಿದ್ದರೂ ಆ ಸಂದೇಶ ತಲುಪುತ್ತಿರಲಿಲ್ಲ ಎಂದು ಬರೆಯಿರಿ. ಕ್ಷಮೆ ಕೇಳಬೇಡಿ, ನಮ್ಮೂರಿಗೆ ಬರಬೇಡಿ, ಹಾರ ತುರಾಯಿ ಯಾವುದೂ ಬೇಡ. ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಗೌರವ ಉಳಿದಿಲ್ಲ. ಆದರೆ ನನ್ನ ತಮ್ಮನಿಗೆ ಇದೆ. ನಿಜ ಹೇಳಿದವರನ್ನೆಲ್ಲ ಬಿಟ್ಟು ಅವನು ನಿಮ್ಮನ್ನೇ ನಂಬಿಕೊಂಡಿದ್ದಾನೆ. ಅದಕ್ಕೇ ನಿಮ್ಮ ಮುಂದೆ ಕೈಯೊಡ್ಡಿದ್ದೇನೆ. ಕಾಗದ ಬಂದ ದಿನ ಅವನನ್ನು ಕೂರಿಸಿ ಓದಿ ಹೇಳುವ ಕೆಲಸ ನನ್ನದು.

ಇಂತಿ,
ಊರಿಗೆಲ್ಲ ಅರ್ಜಿ ಬರೆದುಕೊಟ್ಟು, ಸ್ವಂತ ತಮ್ಮನನ್ನು ಒಪ್ಪಿಸಲಾರದೆ ಸೋತ ಒಬ್ಬಳು ಅಕ್ಕ