ಕೈ ಎತ್ತಿದರೆ ಸೋರುವ ರೇನ್‌ಕೋಟ್

ಅಕ್ಕಾ,
ಶಾಲೆ ಬಿಟ್ಟ ಮೇಲೆ ಇದು ನನ್ನ ಮೂರನೇ ಕೆಲಸ. ಇದೂ ಹೋದರೆ ಅಪ್ಪನಿಗೆ ಮುಖ ತೋರಿಸುವುದು ಹೇಗೆ? ಗಾಳದ ಸಾಮಾನು ಮಾರುವ ಅಂಗಡಿ ಇದು. ಇಲ್ಲಿನವರು ರಜೆಯ ದಿನ ಮಳೆಯಲ್ಲಿ ಕೂತು ಮೀನು ಹಿಡಿದು, ಮತ್ತೆ ನೀರಿಗೇ ಬಿಡುತ್ತಾರೆ! ಯಾಕೆಂದು ಕೇಳಿದರೆ ನಗುತ್ತಾರೆ.

ನಿನ್ನೆ ಒಬ್ಬ ಬಸ್ ಡ್ರೈವರ್ ಎಲ್ಲಕ್ಕಿಂತ ದುಬಾರಿ ರೇನ್‌ಕೋಟ್ ಆರಿಸಿದರು. "ಗಾಳ ಎಸೆಯೋಕೆ ಕೈ ಎತ್ತಿದ್ರೆ ಇದರ ತೋಳೊಳಗೆ ನೀರು ಇಳಿಯುತ್ತೆ. ಮಣಿಕಟ್ಟಿಗೆ ರಬ್ಬರ್ ಪಟ್ಟಿ ಇರೋ ಅಗ್ಗದ್ದೇ ತಗೊಳ್ಳಿ ಸಾರ್" ಎಂದುಬಿಟ್ಟೆ. ಅವರು ನಂಬಲಿಲ್ಲ. ಆ ದುಬಾರಿ ಕೋಟನ್ನೇ ತೊಡಿಸಿ, ಹಿತ್ತಲಿನ ನಲ್ಲಿಯ ಕೆಳಗೆ ಕೈ ಎತ್ತಿಸಿದೆ. "ಅಯ್ಯೋ, ಕಂಕುಳಿಗೇ ಬಂತಲ್ಲೋ!" ಎಂದು ಕುಣಿದಾಡಿದರು. ಅಗ್ಗದ್ದನ್ನೇ ಕೊಂಡರು.

ಯಜಮಾನರು ಕೆಂಡವಾದರು. "ನಿಂಗೆ ಸಂಬಳ ಕೊಡೋದು ನಾನಾ, ಅವರಾ?"

"ನೆನೆದೋರು ಮತ್ತೆ ನಿಮ್ಮಂಗಡಿ ಮೆಟ್ಟಿಲು ಹತ್ತಲ್ಲ" ಎಂದು ಹೇಳಿ, ಕೆಲಸ ಹೋಯಿತೆಂದೇ ನನ್ನ ಚೀಲ ಎತ್ತಿಕೊಂಡೆ.

ಅವರು ಬಾಗಿಲಿಗೆ ಅಡ್ಡ ನಿಂತರು. "ಎಲ್ಲಿಗೋ ಹೊರಟೆ, ಸತ್ಯವಂತ? ಉಳಿದ ಕೋಟುಗಳನ್ನ ನಿಮ್ಮಪ್ಪ ಬಂದು ಪರೀಕ್ಷೆ ಮಾಡ್ತಾರಾ?"

ಇವತ್ತು ಬೆಳಗ್ಗೆಯಿಂದ ಒಂದೊಂದೇ ಕೋಟು ತೊಟ್ಟು ನಲ್ಲಿಯ ಕೆಳಗೆ ಕೈ ಎತ್ತಿ ನಿಂತಿದ್ದೇನೆ. ಕೆಲಸ ಉಳಿಯಿತು, ಮೂಗು ಸೋರುತ್ತಿದೆ. ನಾನು ಹೇಗಿದ್ದೇನೆಂದು ಅಮ್ಮ ಕೇಳಿದರೆ ಸುಳ್ಳು ಹೇಳಬೇಡ, ನೆಗಡಿ ಎಂದೇ ಹೇಳು. ಯಜಮಾನರು ಮುಂದಿನ ಕೋಟು ಹಿಡಿದು ಕೂಗುತ್ತಿದ್ದಾರೆ.

ನಿನ್ನ ತಮ್ಮ