ಬೆಲ್ಟಿನ ಮೇಲೆ ತಂಬಿಗೆ ನೀರು

ನನ್ನ ಮನೆಯವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸು ಇವತ್ತು ಇಲ್ಲ. ನೀವು ಹೋದ ಮೇಲೆ ದಿನಾ ಬೆಳಿಗ್ಗೆ ನಿಮ್ಮ ಫೋಟೋದ ಮುಂದೆ ದೀಪ ಹಚ್ಚಿ, ಮಗ ಏನಂದ, ಪಕ್ಕದ ಮನೆಯವರು ಬೇಲಿಯನ್ನು ಎಷ್ಟು ಈಚೆ ಹಾಕಿದರು, ಎಲ್ಲ ಹೇಳುತ್ತಿದ್ದವಳು ನಾನು. ಬೇಸಿಗೆಯಲ್ಲಿ ನಿಮ್ಮ ಗೆಳೆಯ ಶಿವಾನಂದಣ್ಣ ಬಂದು ಹೋದ ಮೇಲೆ ಆ ಮಾತು ನಿಂತಿದೆ. ದೀಪ ಹಚ್ಚುತ್ತೇನೆ, ಮುಖ ನೋಡುವುದಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಜಗಳ ಆಡೋಣವೆಂದರೆ ನೀವಿಲ್ಲ. ಅದಕ್ಕೇ ಈ ಕಾಗದ.

ಚಳಿಗಾಲದ ಬೆಳಗುಗಳು ನೆನಪಿವೆಯೇ? ನೀವು ನಮ್ಮ ಕೆಂಪು ಕಾರಿನ ಕೀಲಿ ತಿರುಗಿಸಿದ ಕೂಡಲೇ ಅದು ಕಿರ್ರೋ ಎಂದು ಕೀರಲು ಶುರುಮಾಡುತ್ತಿತ್ತು. ಲಂಡನ್ನಿನ ಹ್ಯಾರೋದ ನಮ್ಮ ಈ ಸಣ್ಣ ರಸ್ತೆಯಲ್ಲಿ ಯಾರಿಗೂ ಅಲಾರಂ ಬೇಕಿರಲಿಲ್ಲ. ನೀವು ಬಾನೆಟ್ ಎತ್ತಿ "ಏ, ನೀರು ತಾ" ಎಂದು ಕೂಗುವಿರಿ. ನಾನು ಸೀರೆಯ ಮೇಲೆ ನಿಮ್ಮ ಹಳೇ ಕೋಟು ಹಾಕಿಕೊಂಡು ತಂಬಿಗೆಯಲ್ಲಿ ನೀರು ತಂದುಕೊಡುವೆ. ಓಡುತ್ತಿರುವ ಇಂಜಿನ್ ಬೆಲ್ಟಿನ ಮೇಲೆ ನೀವು ಸ್ವಲ್ಪ ಚಿಮುಕಿಸಿದರೆ ಸದ್ದು ತಟ್ಟನೆ ನಿಲ್ಲುತ್ತಿತ್ತು. "ನೋಡಿದಿ?" ಎಂದು ಮೀಸೆಯಲ್ಲೇ ನಗುವಿರಿ. ಕಾರು ರಸ್ತೆಯ ತುದಿ ಮುಟ್ಟುವಷ್ಟರಲ್ಲಿ ಮತ್ತೆ ಅದೇ ರಾಗ. ಖಾಲಿ ತಂಬಿಗೆ ಹಿಡಿದು ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ನನಗೂ ಕಾರು ಕಲಿಸಿರಿ ಎಂದು ಎಷ್ಟು ಸಲ ಕೇಳಿಲ್ಲ! ಪ್ರತಿ ಸಲವೂ ಒಂದೇ ಉತ್ತರ. "ಮೊದ್ಲ ಈ ಬೆಲ್ಟ್ ಸರಿ ಆಗ್ಲಿ ತಡಿ, ಆಮ್ಯಾಲ ಕಲಸ್ತೀನಿ. ನಡು ರಸ್ತೆದಾಗ ಅದು ಹರಿದ್ರ ಏನ್ ಮಾಡ್ತಿ ನೀ?" ಹೊಸ ಬೆಲ್ಟ್ ಹಾಕಿಸಿದಿರಿ, ಬಿಗಿ ಮಾಡಿಸಿದಿರಿ, ಮತ್ತೊಂದು ಹಾಕಿಸಿದಿರಿ. ಕೀರುವುದು ನಿಲ್ಲಲಿಲ್ಲ, ನನ್ನ ಕಲಿಕೆ ಶುರುವಾಗಲಿಲ್ಲ. ಹೋಗಲಿ ಬಿಡಿ, ಹೋಗಬೇಕಾದಲ್ಲೆಲ್ಲ ನೀವೇ ಬಿಡುತ್ತಿದ್ದಿರಲ್ಲ. ಗುಡಿಗೆ, ಕಿರಾಣಿಗೆ, ಕನ್ನಡದವರು ಸೇರುವ ಹಾಲಿಗೆ. "ನಿಮ್ಮ ಯಜಮಾನ್ರು ದೇವರಂಥೋರು ಕಣ್ರೀ, ನಮ್ಮೋರು ಟ್ಯೂಬ್ ರೈಲು ಹಿಡಿದು ಹೋಗು ಅಂತಾರೆ" ಎಂದು ಬೆಂಗಳೂರಿನ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ನಾನೂ ಬೀಗುತ್ತಿದ್ದೆ. ದೇವರಂಥವರು ಹೊರಗೆ ಕಾರಿನಲ್ಲೇ ಕೂತು, ಮಾತು ರಂಗೇರುವ ಹೊತ್ತಿಗೆ ಸರಿಯಾಗಿ ಹಾರ್ನ್ ಹೊಡೆಯುತ್ತಿದ್ದರು. ಅರ್ಧ ಮಾತು ಬಾಯಲ್ಲಿ ಇಟ್ಟುಕೊಂಡೇ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಸುಮಂಗಲಾ ಒಬ್ಬಳೇ ಒಮ್ಮೆ ಕೇಳಿದ್ದಳು, "ಅವ್ರು ಹಾರ್ನ್ ಹೊಡದ್ರ ನೀ ಯಾಕ್ ಹಂಗ ಓಡ್ತಿ?" ಅಂತ. ಲಂಡನ್ನಿಗೆ ಬಂದ ಮೇಲೆ ನನಗೆ ಸಿಕ್ಕ ಒಬ್ಬಳೇ ಜೀವದ ಗೆಳತಿ ಆ ವಿಜಾಪುರದವಳು. ತನ್ನ ಪುಟ್ಟ ಬಿಳಿ ಕಾರಿನಲ್ಲಿ ಊರೆಲ್ಲ ಸುತ್ತುತ್ತಿದ್ದಳು. ಪೋಸ್ಟಾಫೀಸಿಗೆ ನನ್ನ ಕೈ ಹಿಡಿದು ಕರೆದೊಯ್ದು ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿಸಿದವಳೂ ಅವಳೇ. "ಆಕಿ ನಿನ್ನ ತಲಿ ಕೆಡಸ್ತಾಳ" ಎಂದಿದ್ದಿರಿ. ಅವಳಿಗೆ ಕ್ಯಾನ್ಸರ್ ಆಗಿ, ಕೊನೆಗೆ ಎಂ25 ಹೆದ್ದಾರಿ ದಾಟಿ ಎಲ್ಲೋ ಹಳ್ಳಿಯ ಕಡೆ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್ಸಿಗೆ ಸೇರಿಸಿದರು. ಅಲ್ಲಿಗೆ ಬಸ್ಸೂ ಇಲ್ಲ, ಟ್ಯೂಬೂ ಇಲ್ಲ. ಫೋನಿನಲ್ಲಿ ಅವಳ ದನಿ ಎಷ್ಟು ಸಣ್ಣಗಾಗಿತ್ತು... "ಒಂದ್ ಸಲ ಬಂದ್ ಹೋಗವಾ. ಬರೂವಾಗ ಶೇಂಗಾ ಹಿಂಡಿ ತೊಗೊಂಡ್ ಬಾ. ಇಲ್ಲೆ ಯಾವ್ದಕ್ಕೂ ರುಚಿನ ಇಲ್ಲ" ಎಂದಳು.

ಆ ಭಾನುವಾರ ನಾನು ಬೆಳಿಗ್ಗೆ ಎದ್ದು ಶೇಂಗಾ ಹುರಿದು, ಖಾರ ಬೆಳ್ಳುಳ್ಳಿ ಸೇರಿಸಿ ಹಿಂಡಿ ಕುಟ್ಟಿ, ಡಬ್ಬಿ ತುಂಬಿ, ಸೀರೆ ಉಟ್ಟು ಕೂತಿದ್ದೆ. ನೀವು ಬಾನೆಟ್ ಮುಚ್ಚಿ ಒಳಗೆ ಬಂದು, "ಇವತ್ತ ಬ್ಯಾಡ. ಮೋಟರ್‌ವೇದಾಗ ಈ ಬೆಲ್ಟ್ ಹರಿದ್ರ ಗತಿ ಏನು? ಮುಂದಿನ ಐತವಾರ ಹೋಗೂಣು" ಎಂದಿರಿ. ಟ್ಯಾಕ್ಸಿ ಎಂದರೆ ಅಷ್ಟು ದೂರ ಗುರುತಿಲ್ಲದವನ ಜೊತೆ ಒಬ್ಬಳೇ ಬೇಡವೆಂದಿರಿ. ಮಧ್ಯಾಹ್ನ ಅದೇ ಕಾರು ಕೀರುತ್ತಾ ತರಕಾರಿ ತರಲು ಸೌತ್‌ಹಾಲಿಗೆ ಹೋಗಿ ಬಂತು. ಆ ವಾರ ಕಳೆಯುವ ಮೊದಲೇ ಸುಮಂಗಲಾ ಹೋದಳು. ನಾನು ಬೆಲ್ಟಿಗೆ ಶಾಪ ಹಾಕಿದೆ. ನಿಮಗೆ ಒಂದು ಮಾತೂ ಅನ್ನಲಿಲ್ಲ, ನಿಮ್ಮದೇನು ತಪ್ಪು ಅದರಲ್ಲಿ ಎಂದು...

ನೀವು ಹೋದ ಮೇಲೆ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಮಾರಿಬಿಡೋಣವೆಂದು ಶಿವಾನಂದಣ್ಣನನ್ನು ಕರೆದೆ. ಸೌತ್‌ಹಾಲಿನಲ್ಲಿ ಗ್ಯಾರೇಜು ನಡೆಸುವ ನಿಮ್ಮ ಬೆಳಗಾವಿ ಗೆಳೆಯ ಅಲ್ಲದೆ ನನಗೆ ಇನ್ನಾರು ಗೊತ್ತು? ಬಂದವನು ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿದ. ಕಿರ್ರೋ. ನಾನು ಅಭ್ಯಾಸಬಲದಿಂದ ತಂಬಿಗೆ ತಂದೆ. ಅವನು ನೀರು ಚಿಮುಕಿಸಿದ, ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. "ನೀರ ಹಾಕಿದ್ರ ಸಪ್ಪಳ ಜೋರಾತಂದ್ರ ಬೆಲ್ಟ್ ಸಡ್ಲ ಐತಿ ಅಂತರಿ ವೈನಿ. ನಿಂತು ತಿರುಗಿ ಬಂತಂದ್ರ ಬೆಲ್ಟಿನ ಗಾಲಿ ಸಾಲು ತಪ್ಪಿರತೈತಿ" ಎಂದ. ಹಾಗಾದರೆ ಇಷ್ಟು ವರ್ಷ ನಾವಿಬ್ಬರೂ ದಿನಾ ಬೆಳಿಗ್ಗೆ ಮಾಡುತ್ತಿದ್ದುದು ಔಷಧಿಯಲ್ಲ, ಪರೀಕ್ಷೆ! ಉತ್ತರವೂ ದಿನಾ ಒಂದೇ ಬರುತ್ತಿತ್ತು.

ಇಂಜಿನ್ ಆರಿಸಿ, ನೇರವಾದದ್ದು ಏನಾದರೂ ಕೊಡಿ ಎಂದ. ರವಿಕೆ ಕತ್ತರಿಸುವಾಗ ಇಡುವ ನನ್ನ ಉಕ್ಕಿನ ಸ್ಕೇಲು ಕೊಟ್ಟೆ. ಬೆಲ್ಟ್ ಸುತ್ತುವ ಗಾಲಿಗಳ ಮುಖಕ್ಕೆ ಅದನ್ನು ಒತ್ತಿ ಹಿಡಿದು ನನ್ನನ್ನೂ ಬಗ್ಗಿ ನೋಡಲು ಹೇಳಿದ. ಕೆಳಗಿನ ಗಾಲಿಗೂ ನೀರಿನ ಪಂಪಿನ ಗಾಲಿಗೂ ಸ್ಕೇಲು ಅಂಟಿ ಕೂತಿತ್ತು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನ ಗಾಲಿ ಮಾತ್ರ ಹಿಂದೆ ಸರಿದಿತ್ತು, ನಡುವೆ ಒಂದು ಪೌಂಡಿನ ನಾಣ್ಯ ತೂರುವಷ್ಟು ಸಂದು. ಬೆಲ್ಟಿನ ಒಂದೇ ಅಂಚು ನಾರುನಾರಾಗಿತ್ತು, ಅದೇ ಪಕ್ಕದಲ್ಲಿ ಕರೀ ಪುಡಿ ಉದುರಿತ್ತು. ಹಿಂದೊಮ್ಮೆ ನೀವು ಗುಜರಿಯಿಂದ ತಂದ ಆಲ್ಟರ್ನೇಟರ್ ಕೂರಿಸುವಾಗ ಅದರ ಹಿಂದೆ ಇಡಬೇಕಾದ ವಾಷರು ಹಾಕದೆ ಬಿಟ್ಟದ್ದು, ಅಷ್ಟೇ. ಚಹಾ ಆರುವುದರೊಳಗೆ ಮುಗಿಯುವ ಕೆಲಸ.

"ಇದನ್ನ ಅಂವಗ ನಾ ಸಪ್ಪಳ ಸುರು ಆದಾಗನ ಹೇಳಿದ್ದೆ ನೋಡ್ರಿ" ಎಂದು ಶಿವಾನಂದಣ್ಣ ನಕ್ಕ. "'ಇರ್ಲಿ ಬಿಡೋ ಶಿವ್ಯಾ, ಇದು ಸರಿ ಆತಂದ್ರ ಆಕಿ ಕೀಲಿ ಕೇಳ್ತಾಳ' ಅಂದ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು. ನಗು ಅಲ್ಲೇ ಸತ್ತಿತು. "ನಿಮಗೂ ಗೊತ್ತಿತ್ತು, ನೀವೂ ಹೇಳಲಿಲ್ಲ" ಎಂದೆ. "ಗಂಡ ಹೆಂಡ್ತಿ ನಡುವ ನಾ ಯಾಕ್ ಬರ್ಲಿ ಅಂತ ವೈನಿ..." ಎಂದು ಪಾನಾ ಒರೆಸುತ್ತಾ ನಿಂತ.

ಅಲ್ಲರೀ, ನನ್ನ ಕಿವಿಗೆ ಹೂ ಇಟ್ಟಿರಿ, ಇರಲಿ. ಹೂವಿಗೆ ನೀರನ್ನೂ ನನ್ನ ಕೈಯಿಂದಲೇ ಹಾಕಿಸಿದಿರಲ್ಲ! ಯಾಕೆ? ಕಾರು ಬಂದರೆ ನಾನು ಎಲ್ಲಿಗೆ ಹೋಗಿಬಿಡುತ್ತಿದ್ದೆ? ಗುಡಿಗೆ, ಕಿರಾಣಿಗೆ. ಸುಮಂಗಲಾ ಹತ್ತಿರ. ಆ ಭಾನುವಾರ ನಿಮಗೆ ಗೊತ್ತಿತ್ತು, ಬೆಲ್ಟು ಅಷ್ಟು ಸುಲಭಕ್ಕೆ ಹರಿಯುವುದಿಲ್ಲವೆಂದು ಗೊತ್ತಿದ್ದೇ ನನ್ನ ಕೈಯಲ್ಲಿನ ಡಬ್ಬಿ ನೋಡಿ ಬೇಡವೆಂದಿರಿ. ಹೆಂಡತಿ ತನ್ನನ್ನು ಬಿಟ್ಟು ಎಲ್ಲೂ ಹೋಗಲಾಗದು ಎಂಬುದು ಅಷ್ಟು ಸುಖವೇ? ನೀವು ಹೋದಾಗ ಅತ್ತದ್ದಕ್ಕಿಂತ ಅವತ್ತು ಶಿವಾನಂದಣ್ಣ ಹೋದ ಮೇಲೆ ಸಿಂಕಿನ ಮುಂದೆ ನಿಂತು ಹೆಚ್ಚು ಅತ್ತೆ. ನಾನು ಯಾರಿಗಾಗಿ ಇಷ್ಟು ದಿನ ದೀಪ ಹಚ್ಚಿದೆ ಎಂದೇ ತಿಳಿಯದಾಯಿತು.

ವಾಷರು ಹಾಕಿಸಿದೆ. ಹೊಸ ಬೆಲ್ಟು ಹಾಕಿಸಿ, ನಾನೇ ಸ್ಕೇಲು ಹಿಡಿದು ನೋಡಿದೆ. ಸಂದು ಇರಲಿಲ್ಲ. ಕಾರು ಮಾರಲಿಲ್ಲ. ಸುಮಂಗಲಾ ಮಾಡಿಸಿಟ್ಟ ಲೈಸೆನ್ಸು ಡ್ರಾಯರಿನಲ್ಲೇ ಇತ್ತಲ್ಲ, ಪಾಠಕ್ಕೆ ಸೇರಿದೆ. ಕಲಿಸುವ ಹೆಂಗಸು ಜಮೈಕಾದವಳು, ನಾನು ಕ್ಲಚ್ ಬಿಟ್ಟಾಗಲೆಲ್ಲ "ಜೆಂಟ್ಲಿ, ಡಾರ್ಲಿಂಗ್" ಅನ್ನುತ್ತಿದ್ದಳು. ಮೊದಲ ಸಲ ಫೇಲಾದೆ. ಎರಡನೇ ಸಲ ಪಾಸು. ಈಗ ನಮ್ಮ ರಸ್ತೆಯಲ್ಲಿ ನಾನು ಯಾವಾಗ ಹೊರಟೆ, ಯಾವಾಗ ಬಂದೆ ಎಂದು ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ಸುದ್ದಿ. ನಿಮ್ಮ ಅಸ್ಥಿ ಇನ್ನೂ ಅಂತ್ಯಕ್ರಿಯೆ ಮಾಡಿಸಿದ ಕಂಪನಿಯವರ ಹತ್ತಿರವೇ ಇದೆ. ಊರಿಗೆ ಒಯ್ಯಬೇಕೆಂದಿದ್ದ ಮಗನಿಗೆ ರಜೆಯೇ ಸಿಗಲಿಲ್ಲ. ವರ್ಷಾಬ್ದಿಕ ಹತ್ತಿರ ಬಂತು, ಸೌತೆಂಡ್ ಕಡೆ ಸಮುದ್ರದಲ್ಲಿ ಬಿಡುವುದೆಂದು ಮಾತಾಗಿದೆ. "ಮಮ್, ಐ'ಲ್ ಡ್ರೈವ್ ಯೂ" ಎಂದ. ಬೇಡಪ್ಪಾ, ನೀನು ನೇರ ಅಲ್ಲಿಗೇ ಬಾ, ನಿನ್ನ ಅಪ್ಪನನ್ನು ನಾನು ಕರೆತರುತ್ತೇನೆ ಎಂದೆ.

ಬರುವ ಭಾನುವಾರ ನಿಮ್ಮನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಮೊದಲು ಆ ಹಾಸ್ಪಿಸ್ಸಿಗೆ. ದಾರಿ ಉಲ್ಟಾ ಅಂತ ನನಗೂ ಗೊತ್ತು. ಅಲ್ಲಿಯ ತೋಟದಲ್ಲಿ ಅವಳಿಗಾಗಿ ಒಂದು ಗುಲಾಬಿ ಗಿಡ ಹಚ್ಚಿದ್ದಾರಂತೆ. ಹಿಂಡಿ ಕುಟ್ಟಿಟ್ಟಿದ್ದೇನೆ. ಅದರ ಹತ್ತಿರ ಕೂತು, ನಿಮ್ಮ ಹಾರ್ನಿಗೆ ಹೆದರಿ ಅರ್ಧಕ್ಕೆ ನುಂಗಿದ ಮಾತೆಲ್ಲ ಹೇಳಿ ಮುಗಿಸಿ ಬರುತ್ತೇನೆ.

ನೀವು ಕಾರಿನಲ್ಲೇ ಕೂತಿರಿ. ಕೀಲಿ ನನ್ನ ಹತ್ತಿರ ಇರುತ್ತದೆ.